ಅಂಗೈ ಬೆವರು, ಎದೆಯ ನರ, ಹೃದಯದ ಬಡಿತ

(ಹೆಜಮಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಆರೋಗ್ಯದ ಬಗ್ಗೆ ಮಾತಾಡಿ ಎಂದು ಕೇಳಿದವರು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅಂಗೈ ಬೆವರಿನ ಬಗ್ಗೆ ಹೇಳುತ್ತೇನೆ ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು. ಅವರದು ತಪ್ಪಲ್ಲ. ಬೆವರುವುದು ನಮ್ಮ ಕರಾವಳಿಯಲ್ಲಿ ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲು ಇಲ್ಲಿನ ಟೋಲ್ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತ ನಿಂತವರಲ್ಲಿ ಬೆವರದವರು ಯಾರಿದ್ದಾರೆ?

ನಾನು ಹೇಳಹೊರಟಿರುವುದು ಬೇರೆ ಬೆವರು. ಜನವರಿಯ ಮುಂಜಾನೆ ಫ್ಯಾನಿನ ಕೆಳಗೆ ಸುಮ್ಮನೆ ಕುಳಿತಿದ್ದರೂ ಎರಡೂ ಅಂಗೈ ಒದ್ದೆಯಾಗುತ್ತವೆ. ಜೋರಾದರೆ ಬೆರಳ ತುದಿಯಿಂದ ಹನಿ ತೊಟ್ಟಿಕ್ಕುತ್ತದೆ. ಪರೀಕ್ಷೆ ಬರೆಯುವ ಹುಡುಗಿ ಉತ್ತರಪತ್ರಿಕೆಯ ಮೇಲೆ ಕರವಸ್ತ್ರ ಹಾಸಿಕೊಂಡು ಬರೆಯುತ್ತಾಳೆ, ಆದರೂ ಶಾಯಿ ಹರಡುತ್ತದೆ. ಬೀಡಿ ಕಟ್ಟುವ ಹೆಂಗಸಿಗೆ ಎಲೆ ಹದವಾಗಿ ಒದ್ದೆಯಿರಬೇಕು, ಹೊಗೆಸೊಪ್ಪು ಒಣಗಿರಬೇಕು. ಅವಳ ಕೈಯಲ್ಲಿ ಎರಡೂ ಒದ್ದೆ, ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ವಾಪಸು. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಮನೆಗಳಲ್ಲಿ ಇಂಥ ಕೈಯವಳನ್ನು ಕೊಯ್ಯಲು ಕಳಿಸುತ್ತಾರೆ, ಚೆಂಡು ಕಟ್ಟಲು ಕೂರಿಸುವುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆರಳನ್ನು ಮೂರು ಸಲ ಒರೆಸಿ ಒತ್ತಿದರೂ ಒಪ್ಪುವುದಿಲ್ಲ. ಮದುವೆ ಮಾತುಕತೆಗೆ ಬಂದ ಹುಡುಗ ಕೈ ಕುಲುಕುವ ಬದಲು ನಮಸ್ಕಾರ ಮಾಡಿದರೆ ಹಿರಿಯರು ಸಂಸ್ಕಾರವಂತ ಎಂದು ಮೆಚ್ಚುತ್ತಾರೆ. ಅವನ ಕಷ್ಟ ಅವನಿಗೆ. ಈ ತೊಂದರೆ ಕಾಣದೆ ಹೋಗುವ ಕಸುಬು ಬಹುಶಃ ಒಂದೇ, ಮೀನುಗಾರಿಕೆ. ಬಲೆ ಎಳೆಯುವವನ ಕೈ ಯಾಕೆ ಒದ್ದೆಯಾಗಿದೆ ಎಂದು ಯಾರೂ ಕೇಳುವುದಿಲ್ಲವಲ್ಲ.

ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಅಂಗೈ, ಕಂಕುಳು, ಪಾದ ಎಲ್ಲ ಸೇರಿಸಿ ಅತಿಬೆವರಿನ ತೊಂದರೆ ಇದ್ದವರು ನೂರಕ್ಕೆ 2.8 ಮಂದಿ. ಅಂಗೈಯದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಶುರುವಾಗುತ್ತದೆ. ತಂದೆಗೋ ಚಿಕ್ಕಮ್ಮನಿಗೋ ಇದ್ದದ್ದು ಮಗುವಿಗೂ ಬಂದ ಮನೆಗಳು ಬಹಳ. ಇವರಲ್ಲಿ ಕೆಲವರು ಫೋನಿನಲ್ಲಿ ವಿಡಿಯೊ ನೋಡಿಕೊಂಡು ವೈದ್ಯರ ಬಳಿ ಬರುತ್ತಾರೆ: ಸಣ್ಣ ರಂಧ್ರದ ಶಸ್ತ್ರಕ್ರಿಯೆ, ಮರುದಿನ ಮನೆಗೆ, ಆಮೇಲೆ ಜೀವನವಿಡೀ ಒಣಕೈ. ಇಷ್ಟೂ ಬಹುಪಾಲು ನಿಜ. ಅಂಗೈ ಬೆವರಿನ ಮಟ್ಟಿಗೆ ಇಷ್ಟು ಖಚಿತವಾಗಿ ಫಲ ಕೊಡುವ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ಕತ್ತರಿಸುವ ನರ ಕೈಯಲ್ಲಿಲ್ಲ, ಎದೆಯೊಳಗಿದೆ, ಮತ್ತು ಅದೇ ನರ ಹೃದಯಕ್ಕೂ ಹೋಗುತ್ತದೆ. ವಿಡಿಯೊ ಇದನ್ನು ಹೇಳುವುದಿಲ್ಲ. ಸಹಿ ಹಾಕುವ ಮುನ್ನ ಆ ಸಂಬಂಧವನ್ನು ತಿಳಿದುಕೊಳ್ಳುವ ಹಕ್ಕು ರೋಗಿಗಿದೆ ಎಂಬುದಕ್ಕಾಗಿ ಈ ವಿಷಯ ಆರಿಸಿಕೊಂಡೆ.

ಮೊದಲು ಬೆವರಿನ ಬಗ್ಗೆ. ನಮ್ಮ ಮೈಮೇಲೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಅವು ಅತ್ಯಂತ ದಟ್ಟ, ಚದರ ಸೆಂಟಿಮೀಟರಿಗೆ ಕೆಲವು ನೂರು. ಬೆನ್ನು, ಎದೆ, ಹಣೆ ಬೆವರುವುದು ಮುಖ್ಯವಾಗಿ ಶಾಖಕ್ಕೆ. ಅಂಗೈ ಬೆವರುವುದು ಹೆಚ್ಚಾಗಿ ಮನಸ್ಸಿನ ಉದ್ವೇಗಕ್ಕೆ. ಅದಕ್ಕೇ ಅಂಗೈ ಬೆವರಿನವರ ಕೈ ನಿದ್ದೆಯಲ್ಲಿ ಒಣಗಿರುತ್ತದೆ. ಈ ಒಂದು ಗುಣ ವೈದ್ಯರಿಗೆ ಬಹಳ ಉಪಯೋಗದ್ದು. ರಾತ್ರಿ ನಿದ್ದೆಯಲ್ಲೂ ಮೈ ಬೆವರುತ್ತದೆ, ತೂಕ ಇಳಿಯುತ್ತಿದೆ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ ಎಂದರೆ ಅದು ಥೈರಾಯಿಡ್ ಇರಬಹುದು, ಕ್ಷಯ ಇರಬಹುದು, ಬೇರೇನೋ ಇರಬಹುದು. ಅಂಥವರ ನರ ಕತ್ತರಿಸುವುದು ಚಿಕಿತ್ಸೆಯೇ ಅಲ್ಲ. ಒಂದು ಥೈರಾಯಿಡ್ ರಕ್ತಪರೀಕ್ಷೆ ಮಾಡಿಸದೆ ಈ ಶಸ್ತ್ರಕ್ರಿಯೆಯ ಮಾತು ಎತ್ತುವವರ ಹತ್ತಿರ ಹೋಗಬೇಡಿ.

ಬೆವರುಗ್ರಂಥಿಗೆ ಆಜ್ಞೆ ಒಯ್ಯುವುದು ಸಿಂಪಥೆಟಿಕ್ ನರಗಳು. ಶಾಲೆಯ ಪುಸ್ತಕದಲ್ಲಿ ಮಕ್ಕಳು ಅನುವೇದನಾ ನರವ್ಯೂಹ ಎಂದು ಓದಿರುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುವುದು, ಕಣ್ಣಪಾಪೆ ಅಗಲವಾಗುವುದು, ಚರ್ಮ ತಣ್ಣಗಾಗುವುದು, ಅಂಗೈ ಒದ್ದೆಯಾಗುವುದು ಎಲ್ಲ ಇವುಗಳದೇ ಕೆಲಸ. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಪಕ್ಕೆಲುಬುಗಳು ಬೆನ್ನಿಗೆ ಸೇರುವ ಜಾಗದ ಮೇಲೆ, ಈ ನರದ ಒಂದೊಂದು ಸರಪಳಿ ಇಳಿದಿದೆ. ಸರಪಳಿಯಲ್ಲಿ ಅಲ್ಲಲ್ಲಿ ಗಂಟುಗಳು. ಎದೆಯ ಎರಡನೆಯ, ಮೂರನೆಯ ಗಂಟುಗಳನ್ನು ದಾಟಿ ಕೈಯ ಬೆವರಿನ ಆಜ್ಞೆ ಮೇಲಕ್ಕೆ ಹೋಗುತ್ತದೆ. ಹೃದಯಕ್ಕೆ ಹೋಗುವ ಸಿಂಪಥೆಟಿಕ್ ಎಳೆಗಳು ಹೊರಡುವುದೂ ಎದೆಯ ಮೇಲ್ಭಾಗದ ಮೊದಲ ನಾಲ್ಕೈದು ಮಟ್ಟಗಳಿಂದಲೇ. ಒಂದೇ ಲೈನಿನಿಂದ ನಿಮ್ಮ ಮನೆಗೂ ಪಕ್ಕದವರ ಪಂಪಿಗೂ ಕರೆಂಟು ಬರುತ್ತಿರುವಾಗ, ನಿಮ್ಮ ಮನೆಯ ದೀಪ ಆರಿಸಲು ಕಂಬದ ತಂತಿಯನ್ನೇ ಕತ್ತರಿಸಿದ ಹಾಗೆ ಇದು. ಅವರ ಪಂಪು ಪೂರ್ತಿ ನಿಲ್ಲದಿರಬಹುದು, ಬೇರೆ ಕಡೆಯಿಂದಲೂ ಒಂದು ಎಳೆ ಇರಬಹುದು. ಆದರೆ ಮೊದಲಿನ ರಭಸ ಇರುವುದಿಲ್ಲ.

ಸಿಂಪಥೆಟಿಕ್ ನರ ಕತ್ತರಿಸಿ ನೋಡುವ ಪ್ರಯೋಗ ಹಳೆಯದು. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1850ರ ದಶಕದ ಆರಂಭದಲ್ಲೇ ಮೊಲದ ಕುತ್ತಿಗೆಯ ಸಿಂಪಥೆಟಿಕ್ ನರವನ್ನು ಕತ್ತರಿಸಿ, ಆ ಬದಿಯ ಕಿವಿ ಬಿಸಿಯಾಗಿ ಕೆಂಪೇರಿದ್ದನ್ನು ತೋರಿಸಿದ. ರಕ್ತನಾಳಗಳನ್ನು ಬಿಗಿಹಿಡಿದಿದ್ದ ಆಜ್ಞೆ ನಿಂತುಹೋಗಿತ್ತು. ಇಂದಿನ ಶಸ್ತ್ರಕ್ರಿಯೆಯಲ್ಲೂ ಅದೇ ಪರೀಕ್ಷೆ ನಡೆಯುತ್ತದೆ: ರೋಗಿಯ ಬೆರಳಿಗೆ ತಾಪಮಾಪಕ ಅಂಟಿಸಿರುತ್ತಾರೆ, ನರ ಕಡಿದ ಸ್ವಲ್ಪ ಹೊತ್ತಿಗೆ ಕೈ ಬೆಚ್ಚಗಾಗುತ್ತದೆ. ಹಾಗಾದರೆ ಕೆಲಸ ಆಯಿತೆಂದು ಅರ್ಥ.

ಇನ್ನು ಚರಿತ್ರೆಯ ಒಂದು ಸಂಗತಿ, ನನಗೆ ಬಹಳ ಇಷ್ಟವಾದದ್ದು. ಎದೆಯ ಮೇಲ್ಭಾಗದ ಈ ನರಗಳಿಗೆ ಶಸ್ತ್ರವೈದ್ಯರು ಕೈಹಾಕಿದ್ದು ಮೊದಲು ಬೆವರಿಗಲ್ಲ. ರುಮೇನಿಯಾದ ಬುಕಾರೆಸ್ಟಿನಲ್ಲಿ ಥಾಮಸ್ ಯೊನೆಸ್ಕು ಎಂಬ ಶಸ್ತ್ರವೈದ್ಯ 1916ರಲ್ಲಿ ಎದೆನೋವಿನ ರೋಗಿಯೊಬ್ಬನಿಗೆ ಕುತ್ತಿಗೆ ಮತ್ತು ಎದೆಯ ಮೇಲ್ಭಾಗದ ಸಿಂಪಥೆಟಿಕ್ ಗಂಟುಗಳನ್ನು ತೆಗೆದ. ಹೃದಯಕ್ಕೆ ರಕ್ತ ಸಾಲದೆ ಬರುವ ಆ ನೋವು, ಆಂಜೈನಾ, ಕಡಿಮೆಯಾಯಿತು. ಬೈಪಾಸ್ ಇಲ್ಲದ, ಸ್ಟೆಂಟ್ ಇಲ್ಲದ ಕಾಲ. ಹೃದಯಕ್ಕೆ ಹೋಗುವ ಪ್ರಚೋದನೆಯನ್ನೂ ಹೃದಯದಿಂದ ಬರುವ ನೋವಿನ ಸುದ್ದಿಯನ್ನೂ ತಡೆಯುವುದೇ ಉದ್ದೇಶವಾಗಿತ್ತು. ಅತಿಬೆವರಿಗೆ ಈ ನರದ ಶಸ್ತ್ರಕ್ರಿಯೆ ಮಾಡಿದ ವರದಿ ಬಂದದ್ದು ಆಮೇಲೆ, 1920ರಲ್ಲಿ, ಕೊಟ್ಜಾರೆಫ್ ಎಂಬಾತನಿಂದ. ಅಂದರೆ ಇವತ್ತು ನಾವು ಅಡ್ಡಪರಿಣಾಮ ಎನ್ನುವುದು ಯೊನೆಸ್ಕುವಿನ ಕಾಲದಲ್ಲಿ ಚಿಕಿತ್ಸೆಯ ಗುರಿಯೇ ಆಗಿತ್ತು. ಹೃದಯದ ಮೇಲೆ ಪರಿಣಾಮವೇ ಇಲ್ಲ ಎಂದು ಯಾರಾದರೂ ಹೇಳಿದರೆ, ನೂರು ವರ್ಷ ಹಿಂದೆ ಇದನ್ನು ಹೃದಯಕ್ಕಾಗಿಯೇ ಮಾಡುತ್ತಿದ್ದರು ಎಂದು ನೆನಪಿಸಿ.

ಆಗ ಎದೆಯನ್ನೋ ಕುತ್ತಿಗೆಯನ್ನೋ ಅಗಲವಾಗಿ ತೆರೆಯಬೇಕಿತ್ತು. ಅಷ್ಟು ನೋವನ್ನು ಬೆವರಿಗಾಗಿ ಯಾರು ಸಹಿಸುತ್ತಾರೆ? ಆಸ್ಟ್ರಿಯಾದ ಕುಕ್ಸ್ 1950ರ ದಶಕದಲ್ಲೇ ದುರ್ಬೀನು ಹಾಕಿ ಎದೆಯೊಳಗಿನ ಈ ನರವನ್ನು ಕಡಿಯುವ ವಿಧಾನದ ಬಗ್ಗೆ ಪುಸ್ತಕ ಬರೆದ, ಹೆಚ್ಚಿನವರು ಕಿವಿಗೊಡಲಿಲ್ಲ. ವಿಡಿಯೊ ಕ್ಯಾಮರಾ ಶಸ್ತ್ರಕ್ರಿಯೆಯ ಕೋಣೆಗೆ ಬಂದ ಮೇಲೆ, 1990ರ ದಶಕದಲ್ಲಿ, ಎಲ್ಲವೂ ಬದಲಾಯಿತು. ಕಂಕುಳ ಹತ್ತಿರ ಅರ್ಧ ಸೆಂಟಿಮೀಟರಿನ ಒಂದೆರಡು ರಂಧ್ರ, ಒಂದು ಬದಿಯ ಶ್ವಾಸಕೋಶವನ್ನು ಸ್ವಲ್ಪ ಹೊತ್ತು ಕುಗ್ಗಿಸಿ ನರ ಕಾಣುವಂತೆ ಮಾಡುವುದು, ಕಡಿಯುವುದು ಅಥವಾ ಸುಡುವುದು ಅಥವಾ ಕ್ಲಿಪ್ ಹಾಕುವುದು, ಮತ್ತೆ ಇನ್ನೊಂದು ಬದಿ. ತೈವಾನ್, ಇಸ್ರೇಲ್, ಸ್ವೀಡನ್, ಬ್ರೆಜಿಲ್ ದೇಶಗಳಲ್ಲಿ ಸಾವಿರಾರು ಮಂದಿಗೆ ಮಾಡಿದರು. ಭಾರತದ ದೊಡ್ಡ ಊರುಗಳಿಗೂ ಬಂತು. ಶಸ್ತ್ರಕ್ರಿಯೆ ಸುಲಭವಾದಾಗ ಅದಕ್ಕೆ ಕಾರಣಗಳೂ ಸುಲಭವಾಗಿ ಸಿಗುತ್ತವೆ. ಇದು ನನ್ನ ಅಭಿಪ್ರಾಯ, ಇಲ್ಲಿರುವ ಶಸ್ತ್ರವೈದ್ಯ ಮಿತ್ರರು ಬೇಸರ ಮಾಡಿಕೊಳ್ಳಬಾರದು.

ಈಗ ಹೃದಯ. ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ.

ಹೃದಯ ಬಡಿಯಲು ನರ ಬೇಕಾಗಿಲ್ಲ. ಬಲ ಹೃತ್ಕರ್ಣದಲ್ಲಿರುವ ಒಂದು ಸಣ್ಣ ಅಂಗಾಂಶ ತಾನಾಗಿಯೇ ಬಡಿತ ಹುಟ್ಟಿಸುತ್ತದೆ. ನರಗಳ ಕೆಲಸ ಆ ಬಡಿತವನ್ನು ಏರಿಸುವುದು, ಇಳಿಸುವುದು. ಏರಿಸುವುದು ಸಿಂಪಥೆಟಿಕ್, ಇಳಿಸುವುದು ಮೆದುಳಿನಿಂದ ನೇರವಾಗಿ ಇಳಿದುಬರುವ ವೇಗಸ್ ನರ. ಎರಡನ್ನೂ ಔಷಧಿಯಿಂದ ತಡೆದರೆ ಹೃದಯ ತನ್ನ ಪಾಡಿಗೆ ಎಷ್ಟು ಬಡಿಯುತ್ತದೆ ಎಂದು ಅಳೆದವರಿದ್ದಾರೆ. ಅವರು ಕೊಟ್ಟ ಸೂತ್ರ: 118.1ರಿಂದ ವಯಸ್ಸಿನ 0.57 ಪಟ್ಟು ಕಳೆಯಿರಿ. ಇಪ್ಪತ್ತು ವರ್ಷದವನಿಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 107. ಆದರೆ ಅದೇ ಹುಡುಗ ಇಲ್ಲಿ ಕುರ್ಚಿಯಲ್ಲಿ ಕುಳಿತಿರುವಾಗ ಅವನ ನಾಡಿ 70 ಇರುತ್ತದೆ. ಉಳಿದ ಬಡಿತಗಳನ್ನು ತಡೆಹಿಡಿದಿರುವುದು ವೇಗಸ್. ವಿಶ್ರಾಂತಿಯ ಹೊತ್ತಿನಲ್ಲಿ ಹೃದಯ ಹೆಚ್ಚಾಗಿ ವೇಗಸ್ಸಿನ ಕೈಯಲ್ಲಿರುತ್ತದೆ. ಸಿಂಪಥೆಟಿಕ್ಕಿನ ಪಾಲು ಆಗ ಚಿಕ್ಕದು. ಆದ್ದರಿಂದಲೇ ಈ ಶಸ್ತ್ರಕ್ರಿಯೆಯ ನಂತರ ಕುಳಿತಾಗಿನ ನಾಡಿ ಇಳಿದರೂ ಸಾಮಾನ್ಯವಾಗಿ ಸ್ವಲ್ಪವೇ ಇಳಿಯುತ್ತದೆ. ಬಹಳ ಮಂದಿಗೆ ಅದು ಗೊತ್ತೇ ಆಗುವುದಿಲ್ಲ.

ಓಡಿದಾಗ ಏನಾಗುತ್ತದೆ? ಮೊದಲ ಕೆಲವು ಸೆಕೆಂಡು ವೇಗಸ್ ಹಿಡಿತ ಸಡಿಲಿಸುತ್ತದೆ. ಅಷ್ಟಕ್ಕೇ ನಾಡಿ ನೂರರ ಹತ್ತಿರ ಹೋಗುತ್ತದೆ. ಅಲ್ಲಿಂದ ಮೇಲೆ, 150, 180, ಇಪ್ಪತ್ತರ ಹರೆಯದಲ್ಲಿ 200ರವರೆಗೆ ಏರಿಸುವುದು ಮುಖ್ಯವಾಗಿ ಸಿಂಪಥೆಟಿಕ್. ವೇಗಸ್ಸಿನ ಪರಿಣಾಮ ಒಂದೆರಡು ಬಡಿತದಲ್ಲೇ ಕಾಣುತ್ತದೆ, ಸಿಂಪಥೆಟಿಕ್ಕಿನದು ಪೂರ್ತಿ ಕಾಣಲು ಅರ್ಧ ನಿಮಿಷದ ಹತ್ತಿರ ಬೇಕು. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಊರಿಗೆಲ್ಲ ಗೊತ್ತು. ಅಷ್ಟು ಚಿಕ್ಕ ಓಟ ಮುಗಿಯುವ ಹೊತ್ತಿಗೆ ಸಿಂಪಥೆಟಿಕ್ ತನ್ನ ಕೆಲಸವನ್ನು ಆಗಷ್ಟೇ ಬಿರುಸಾಗಿ ಹಿಡಿದಿರುತ್ತದೆ. ಆದರೆ ಯಕ್ಷಗಾನದಲ್ಲಿ ಭಾರದ ವೇಷ ತೊಟ್ಟು ಅರ್ಧ ಗಂಟೆ ಧೀಂಗಿಣ ಹಾಕುವ ಪುಂಡುವೇಷದವನಿಗೆ, ಫುಟ್‌ಬಾಲ್ ಆಡುವ ಹುಡುಗನಿಗೆ, ದೋಣಿಯಲ್ಲಿ ಗಂಟೆಗಟ್ಟಲೆ ಬಲೆ ಎಳೆಯುವವನಿಗೆ ಆ ಎರಡನೆಯ ಏರಿಕೆ ಬೇಕು. ನರ ಕಡಿದ ಮೇಲೆ ಮೊಟಕಾಗುವುದು ಆ ಏರಿಕೆಯೇ.

1980, 90ರ ದಶಕಗಳಲ್ಲಿ ಇಸ್ರೇಲ್, ಸ್ವೀಡನ್, ಬೆಲ್ಜಿಯಂ ದೇಶಗಳ ವೈದ್ಯರು ಅಂಗೈ ಬೆವರಿನ ರೋಗಿಗಳನ್ನು ಶಸ್ತ್ರಕ್ರಿಯೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸೈಕಲ್ ತುಳಿಸಿ, ಇಸಿಜಿ ಹಾಕಿ ನೋಡಿದರು. ಒಟ್ಟಾರೆ ಕಂಡದ್ದು ಇದು: ಕುಳಿತಾಗಿನ ನಾಡಿಯೂ ಪೂರ್ತಿ ದಣಿದಾಗಿನ ನಾಡಿಯೂ ಇಳಿದಿದ್ದವು. ಆದರೆ ದೇಹ ಮಾಡಬಲ್ಲ ಒಟ್ಟು ದುಡಿಮೆ ಬಹುಪಾಲು ಮಂದಿಯಲ್ಲಿ ಹೆಚ್ಚೇನೂ ಇಳಿದಿರಲಿಲ್ಲ. ಬಡಿತ ನಿಧಾನವಾದರೆ ಎರಡು ಬಡಿತಗಳ ನಡುವೆ ಹೃದಯ ತುಂಬಲು ಹೆಚ್ಚು ಸಮಯ ಸಿಗುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಹೋಗುತ್ತದೆ. ಜೊತೆಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದೆ. ಅದಕ್ಕೆ ಆಜ್ಞೆ ಹೋಗುವುದು ಎದೆಯ ಕೆಳಭಾಗದ ನರಗಳಿಂದ. ಶಸ್ತ್ರಕ್ರಿಯೆ ಅವನ್ನು ಮುಟ್ಟುವುದಿಲ್ಲ. ಆ ಗ್ರಂಥಿ ಸುರಿಸುವ ಅಡ್ರಿನಲಿನ್ ರಕ್ತದ ಮೂಲಕ ಬಂದು ಹೃದಯವನ್ನು ಎಬ್ಬಿಸುತ್ತದೆ, ಸ್ವಲ್ಪ ತಡವಾಗಿ. ಮೇಲಾಗಿ ಹೃದಯಕ್ಕೆ ಹೋಗುವ ಎಲ್ಲ ಎಳೆಗಳೂ ಕಡಿದಿರುವುದಿಲ್ಲ. ಎದೆಯಲ್ಲಿ ಎಲ್ಲಕ್ಕಿಂತ ಮೇಲಿನ ನಕ್ಷತ್ರಾಕಾರದ ದೊಡ್ಡ ಗಂಟನ್ನು ಶಸ್ತ್ರವೈದ್ಯರು ಬೇಕೆಂದೇ ಬಿಡುತ್ತಾರೆ. ಅದಕ್ಕೆ ಪೆಟ್ಟಾದರೆ ಆ ಬದಿಯ ಕಣ್ಣರೆಪ್ಪೆ ಜೋತುಬೀಳುತ್ತದೆ, ಪಾಪೆ ಕುಗ್ಗುತ್ತದೆ.

ಹಾಗಾಗಿ ಇದನ್ನು ಬೀಟಾ ಬ್ಲಾಕರ್ ಮಾತ್ರೆಯ ಪರಿಣಾಮಕ್ಕೆ ಹೋಲಿಸುವ ರೂಢಿ ವೈದ್ಯರಲ್ಲಿದೆ. ರಕ್ತದೊತ್ತಡಕ್ಕೋ ಎದೆಬಡಿತಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ತಿನ್ನುವವರು ಈ ಸಭೆಯಲ್ಲೂ ಇರಬಹುದು. ಹೋಲಿಕೆ ಸರಿಯೇ, ಒಂದು ವ್ಯತ್ಯಾಸದೊಂದಿಗೆ: ಮಾತ್ರೆ ಹೊಂದದಿದ್ದರೆ ವೈದ್ಯರು ನಿಲ್ಲಿಸಬಹುದು. ಕಡಿದ ನರವನ್ನು ಮತ್ತೆ ಜೋಡಿಸುವ ನಂಬಬಹುದಾದ ದಾರಿ ಇಲ್ಲ. ಕ್ಲಿಪ್ ಹಾಕಿದರೆ ತೆಗೆಯಬಹುದು ಎನ್ನುತ್ತಾರೆ; ತೆಗೆದ ಮೇಲೆ ನರ ಮೊದಲಿನಂತಾಗುತ್ತದೆ ಎಂಬ ಭರವಸೆ ಇಲ್ಲ.

ಬಹುಪಾಲು ಮಂದಿಗೆ ತೊಂದರೆಯಾಗದ ಈ ಬದಲಾವಣೆ ಯಾರಿಗೆ ತೊಂದರೆ ಕೊಡುತ್ತದೆ? ಮೊದಲೇ ನಾಡಿ ನಿಧಾನ ಇದ್ದವರಿಗೆ. ಹೃದಯದೊಳಗಿನ ವಿದ್ಯುತ್ ದಾರಿಯಲ್ಲಿ ತಡೆ ಇದ್ದೂ ಅದು ಗೊತ್ತಿಲ್ಲದವರಿಗೆ. ತೈವಾನಿನಿಂದ 2001ರಲ್ಲಿ ಬಂದ ವರದಿಯೊಂದರಲ್ಲಿ, ಎರಡೂ ಬದಿಯ ಎರಡನೆಯ ಗಂಟನ್ನು ಕಡಿಸಿಕೊಂಡ ಅತಿಬೆವರಿನ ರೋಗಿಗೆ ನಾಡಿ ತೀರಾ ನಿಧಾನವಾಗಿ, ಕೊನೆಗೆ ಶಾಶ್ವತ ಪೇಸ್‌ಮೇಕರ್ ಹಾಕಬೇಕಾಯಿತು. ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಹೃದಯ ನಿಂತ ವರದಿಗಳೂ ಇವೆ. ಇವು ಅಪರೂಪ, ಬಹಳ ಅಪರೂಪ. ಆದರೆ ಪ್ರಾಣಕ್ಕೇನೂ ಅಪಾಯವಿಲ್ಲದ ಕಾಯಿಲೆಗೆ ಮಾಡುವ ಶಸ್ತ್ರಕ್ರಿಯೆಯಲ್ಲಿ ಅಪರೂಪದ್ದನ್ನೂ ಹೇಳಬೇಕು. ಕ್ಯಾನ್ಸರಿನ ಶಸ್ತ್ರಕ್ರಿಯೆಗೆ ಇಡುವ ತಕ್ಕಡಿಯಲ್ಲಿ ಇದನ್ನು ತೂಗುವಂತಿಲ್ಲ.

ಬಲ, ಎಡ ಎಂಬ ಭೇದವೂ ಇದೆ. ಬಲಬದಿಯ ಎಳೆಗಳು ಹೆಚ್ಚಾಗಿ ಬಡಿತ ಹುಟ್ಟುವ ಜಾಗಕ್ಕೆ ಹೋಗುತ್ತವೆ, ಎಡಬದಿಯವು ಹೃತ್ಕುಕ್ಷಿಗಳ ಕಡೆಗೆ. ಅಂಗೈ ಬೆವರಿಗೆ ಎರಡೂ ಬದಿ ಕಡಿಯಬೇಕಾಗುತ್ತದೆ. ಒಂದು ಕೈ ಒಣಗಿ ಇನ್ನೊಂದು ಒದ್ದೆ ಉಳಿದರೆ ಯಾರು ಒಪ್ಪುತ್ತಾರೆ?

ಈ ಎಡಬದಿಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯೂ ಸೇರಿದೆ, ಅದನ್ನು ಹೇಳದೆ ಹೋದರೆ ಈ ನರಕ್ಕೆ ಅನ್ಯಾಯ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇಸಿಜಿಯಲ್ಲಿ ಕ್ಯೂ-ಟಿ ಎಂಬ ಅವಧಿ ಉದ್ದವಾಗಿರುತ್ತದೆ. ಬೆದರಿದಾಗ, ಓಡಿದಾಗ, ನೀರಿಗೆ ಹಾರಿದಾಗ ಅಂಥ ಮಗುವಿನ ಹೃದಯ ತಾಳ ತಪ್ಪಿ, ಮಗು ಕುಸಿಯುತ್ತದೆ; ಕೆಲವೊಮ್ಮೆ ಮತ್ತೆ ಏಳುವುದಿಲ್ಲ. ಅಮೆರಿಕದ ಮಾಸ್ ಮತ್ತು ಮೆಕ್‌ಡೊನಾಲ್ಡ್ ಎಂಬ ವೈದ್ಯರು 1971ರಲ್ಲಿ ಇಂಥ ರೋಗಿಯೊಬ್ಬರ ಎಡಬದಿಯ ಸಿಂಪಥೆಟಿಕ್ ಗಂಟುಗಳನ್ನು ತೆಗೆದು ಫಲ ಕಂಡರು. ಇಟಲಿಯ ಪೀಟರ್ ಶ್ವಾರ್ಟ್ಸ್ ಅದನ್ನು ದಶಕಗಳ ಕಾಲ ಮುಂದುವರಿಸಿದರು. 2004ರಲ್ಲಿ 147 ರೋಗಿಗಳ ಅನುಭವವನ್ನು ಅವರ ತಂಡ ಪ್ರಕಟಿಸಿತು. ಬೀಟಾ ಬ್ಲಾಕರ್ ಸಾಲದೆ ಹೋದಾಗ, ಅಥವಾ ಅದನ್ನು ತಾಳಿಕೊಳ್ಳಲು ಆಗದಿದ್ದಾಗ, ಇಂದಿಗೂ ಈ ಶಸ್ತ್ರಕ್ರಿಯೆಯನ್ನು ಮಾಡುತ್ತಾರೆ. ಬೆವರಿಗೆ ಮಾಡುವುದಕ್ಕೂ ಇದಕ್ಕೂ ರಂಧ್ರಗಳು ಒಂದೇ, ದುರ್ಬೀನು ಒಂದೇ, ನರ ಒಂದೇ. ಇಲ್ಲಿ ಹೃದಯವನ್ನು ಕಾಪಾಡಲು ಕಡಿಯುತ್ತಾರೆ, ಒಣಗಿದ ಎಡಗೈ ಅಡ್ಡಪರಿಣಾಮ. ಆಟದ ನಡುವೆ ಕಾರಣವಿಲ್ಲದೆ ಬವಳಿ ಬಿದ್ದ ಮಗುವಿನ ಬಗ್ಗೆ, ಹೊಟ್ಟೆಗೆ ತಿಂದಿರಲಿಲ್ಲ, ಬಿಸಿಲು ಹೆಚ್ಚಿತ್ತು ಎಂದು ಅಧ್ಯಾಪಕರು ಬಿಟ್ಟುಬಿಡಬಾರದು. ಒಂದು ಇಸಿಜಿ ಮಾಡಿಸಿ.

ಮತ್ತೆ ಬೆವರಿಗೆ ಬರೋಣ. ಈ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಹೆಚ್ಚಾಗಿ ದೂರುವುದು ಹೃದಯವನ್ನಲ್ಲ, ಬದಲಿ ಬೆವರನ್ನು. ಕೈ ಒಣಗುತ್ತದೆ, ಬೆನ್ನು, ಹೊಟ್ಟೆ, ತೊಡೆ ಮೊದಲಿಗಿಂತ ಹೆಚ್ಚು ಬೆವರುತ್ತವೆ. ಕಾರಣದ ಬಗ್ಗೆ ತಜ್ಞರಲ್ಲಿ ವಾದ ಮುಗಿದಿಲ್ಲ, ಆದರೆ ಆಗುವುದು ನಿಜ, ಮತ್ತು ಬಿಸಿ ತೇವದ ಹವೆಯಲ್ಲಿ ಅದು ಜೋರು. ಮೈಸೂರಿನಲ್ಲಿ ನೌಕರಿ ಮಾಡುವವನಿಗೆ ಸಹಿಸಬಹುದಾದದ್ದು ಕಾಪು, ಪಡುಬಿದ್ರಿ, ಹೆಜಮಾಡಿಯಲ್ಲಿ ದಿನಕ್ಕೆ ಮೂರು ಅಂಗಿ ಬದಲಿಸುವ ಕಷ್ಟವಾಗಬಹುದು. ನಮ್ಮಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ; ಆರದ ಬೆವರು ಮೈಯನ್ನು ತಂಪು ಮಾಡುವುದೂ ಇಲ್ಲ. ಅಂಗೈಯನ್ನು ಕಿಸೆಯಲ್ಲಿ ಅಡಗಿಸಬಹುದಿತ್ತು, ಬೆನ್ನನ್ನು ಎಲ್ಲಿ ಅಡಗಿಸುವುದು ಮಾರಾಯರೆ? ಹೆಚ್ಚು ಮೇಲಿನ ಮಟ್ಟದಲ್ಲಿ, ಹೆಚ್ಚು ಗಂಟುಗಳನ್ನು ಕಡಿದಷ್ಟೂ ಬದಲಿ ಬೆವರು ಹೆಚ್ಚು ಎಂಬ ಅನುಭವದಿಂದ ಈಗ ಮಟ್ಟ ಕೆಳಗಿಳಿದಿದೆ. ಎರಡನೆಯ ಗಂಟನ್ನು ಬಿಟ್ಟು ಮೂರನೆಯ ಅಥವಾ ನಾಲ್ಕನೆಯ ಪಕ್ಕೆಲುಬಿನ ಮಟ್ಟದಲ್ಲಿ ಕಡಿಯುತ್ತಾರೆ. ಹೃದಯಕ್ಕೆ ಹೋಗುವ ಎಳೆಗಳೂ ಇದರಿಂದ ಹೆಚ್ಚು ಉಳಿಯುತ್ತವೆ.

ಅಮೆರಿಕದ ಎದೆ ಶಸ್ತ್ರವೈದ್ಯರ ಸಂಘದ ತಜ್ಞರು 2011ರಲ್ಲಿ ಯಾರಿಗೆ ಈ ಶಸ್ತ್ರಕ್ರಿಯೆ ಹೊಂದುತ್ತದೆ ಎಂದು ಬರೆದಿದ್ದಾರೆ. ಹದಿನಾರರೊಳಗೆ ಬೆವರು ಶುರುವಾದವರು, ಶಸ್ತ್ರಕ್ರಿಯೆಯ ಹೊತ್ತಿಗೆ ಇಪ್ಪತ್ತೈದರೊಳಗಿನವರು, ತೂಕ ಮಿತಿಯಲ್ಲಿರುವವರು, ನಿದ್ದೆಯಲ್ಲಿ ಬೆವರದವರು, ಬೇರೆ ದೊಡ್ಡ ಕಾಯಿಲೆ ಇಲ್ಲದವರು. ಕೊನೆಯದು ನಮ್ಮ ವಿಷಯ: ವಿಶ್ರಾಂತಿಯ ನಾಡಿ ನಿಮಿಷಕ್ಕೆ 55ಕ್ಕಿಂತ ಕಡಿಮೆ ಇರಬಾರದು. ದಿನವೂ ಓಡುವ, ಈಜುವ ಗಟ್ಟಿಮುಟ್ಟಾದ ಹುಡುಗರ ನಾಡಿ ಸಹಜವಾಗಿಯೇ 50ರ ಹತ್ತಿರ ಇರುತ್ತದೆ ಎಂಬುದನ್ನು ಗಮನಿಸಿ. ಆರೋಗ್ಯವಂತನೆಂದು ಎಲ್ಲರೂ ಹೊಗಳುವವನೇ ಇಲ್ಲಿ ಎರಡು ಸಲ ಯೋಚಿಸಬೇಕಾದವನು. ತೈವಾನ್ ಸರಕಾರವಂತೂ 2004ರಲ್ಲಿ ಇಪ್ಪತ್ತು ವರ್ಷ ತುಂಬದವರಿಗೆ ಈ ಶಸ್ತ್ರಕ್ರಿಯೆ ಮಾಡಬಾರದೆಂದು ನಿಯಮ ತಂದಿತು. ಅತಿ ಹೆಚ್ಚು ಮಾಡಿದ ದೇಶಗಳಲ್ಲಿ ಒಂದು ಹೀಗೆ ಕೈ ಹಿಂದೆಗೆದದ್ದು ನನಗೆ ತೂಕದ ಸಂಗತಿಯಾಗಿ ಕಾಣುತ್ತದೆ.

ಹಾಗಾದರೆ ಒದ್ದೆ ಕೈ ಹಾಗೇ ಇರಲಿ ಎನ್ನುತ್ತೀರಾ ಎಂದು ಕೇಳಬಹುದು. ಇಲ್ಲ. ಶಸ್ತ್ರಕ್ರಿಯೆಗೆ ಮುಂಚೆ ಹತ್ತಬೇಕಾದ ಮೆಟ್ಟಿಲುಗಳಿವೆ. ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ರಾತ್ರಿ ಒಣಗೈಗೆ ಹಚ್ಚಿ ಮಲಗುವುದು ಮೊದಲನೆಯದು. ಚರ್ಮ ಉರಿದರೆ ದಿನ ಬಿಟ್ಟು ದಿನ. ಎರಡನೆಯದು ನನಗೆ ಎಲ್ಲಕ್ಕಿಂತ ಮೆಚ್ಚಿನದು. ಎರಡು ತಟ್ಟೆಯಲ್ಲಿ ನಲ್ಲಿ ನೀರು, ಎರಡು ಕೈ ಅದರಲ್ಲಿ, 15ರಿಂದ 20 ಮಿಲಿಆಂಪಿಯರಿನ ಸಣ್ಣ ವಿದ್ಯುತ್, ಇಪ್ಪತ್ತರಿಂದ ಮೂವತ್ತು ನಿಮಿಷ. ಮೊದಮೊದಲು ವಾರಕ್ಕೆ ಮೂರು ಸಲ, ಆಮೇಲೆ ವಾರಕ್ಕೊಮ್ಮೆ ಸಾಕು. ಅಯಾಂಟೊಫೊರೆಸಿಸ್ ಎಂದು ಹೆಸರು. ಚರ್ಮವೈದ್ಯರಲ್ಲಿ ಕೇಳಿ. ಉತ್ತರಕ್ಕೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ದಕ್ಷಿಣಕ್ಕೆ ಮಂಗಳೂರಿನ ಕಾಲೇಜುಗಳು, ಎರಡರ ನಡುವೆ ಇರುವ ಊರು ನಿಮ್ಮದು, ಚರ್ಮವೈದ್ಯರಿಗೆ ಬರವಿಲ್ಲ. ಮನೆಯಲ್ಲಿ ಬ್ಯಾಟರಿ ಕಟ್ಟಿ ನೀವೇ ಪ್ರಯೋಗ ಮಾಡಬೇಡಿ. ಪೇಸ್‌ಮೇಕರ್ ಇದ್ದವರು, ಬಸುರಿಯರು, ಮೈಯೊಳಗೆ ಲೋಹದ ಸಾಧನ ಹಾಕಿಸಿಕೊಂಡವರು ಈ ಚಿಕಿತ್ಸೆ ಪಡೆಯಬಾರದು. ಮೂರನೆಯದು ಬೊಟುಲಿನಂ ಚುಚ್ಚುಮದ್ದು: ಕೆಲವು ತಿಂಗಳು ಕೈ ಒಣಗಿರುತ್ತದೆ, ಅಂಗೈಗೆ ಹತ್ತಾರು ಕಡೆ ಚುಚ್ಚುವ ನೋವು ಮತ್ತು ಖರ್ಚು ಎರಡೂ ಇವೆ.

ನಾಲ್ಕನೆಯ ಮೆಟ್ಟಿಲು ಮಾತ್ರೆಗಳು. ಅವುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅಲ್ಲೂ ಹೃದಯ ಬರುತ್ತದೆ. ಸಿಂಪಥೆಟಿಕ್ ನರಗಳ ತುದಿಯಿಂದ ಸಾಮಾನ್ಯವಾಗಿ ಹೊರಬರುವುದು ನಾರ್ಅಡ್ರಿನಲಿನ್. ಆದರೆ ಬೆವರುಗ್ರಂಥಿಯ ನರಗಳು ಬೇರೆ ಜಾತಿಯವು. ಅವು ಸುರಿಸುವುದು ಅಸಿಟೈಲ್‌ಕೋಲಿನ್ ಎಂದು ಹೆನ್ರಿ ಡೇಲ್ ಮತ್ತು ಫೆಲ್ಡ್‌ಬರ್ಗ್ 1934ರಲ್ಲಿ ಬೆಕ್ಕಿನ ಪಾದದ ಬೆವರಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ವೇಗಸ್ ಹೃದಯವನ್ನು ನಿಧಾನಿಸುವುದೂ ಅದೇ ಅಸಿಟೈಲ್‌ಕೋಲಿನ್ನಿನಿಂದ. ಗ್ಲೈಕೊಪಿರೊಲೇಟ್, ಆಕ್ಸಿಬ್ಯುಟಿನಿನ್ ಮುಂತಾದ ಬೆವರಿನ ಮಾತ್ರೆಗಳು ಆ ರಾಸಾಯನಿಕವನ್ನು ತಡೆಯುತ್ತವೆ. ಆದ್ದರಿಂದ ಕೈಯೂ ಒಣಗುತ್ತದೆ, ಬಾಯಿಯೂ ಒಣಗುತ್ತದೆ, ವೇಗಸ್ಸಿನ ಹಿಡಿತ ತಪ್ಪಿ ನಾಡಿ ಏರುತ್ತದೆ. ಒಂದೇ ಬೆವರಿಗೆ ಎರಡು ಚಿಕಿತ್ಸೆ: ಶಸ್ತ್ರಕ್ರಿಯೆ ಹೃದಯವನ್ನು ನಿಧಾನಿಸುತ್ತದೆ, ಮಾತ್ರೆ ಅವಸರಪಡಿಸುತ್ತದೆ. ಮಾತ್ರೆ ತಿಂದು ಮೇ ತಿಂಗಳ ಬಿಸಿಲಲ್ಲಿ ದುಡಿಯುವವನಿಗೆ ಮೈಯೆಲ್ಲ ಬೆವರದೆ ಶಾಖ ಒಳಗೇ ಉಳಿಯುವ ಅಪಾಯವೂ ಇದೆ. ಪರೀಕ್ಷೆಯ ದಿನ, ಸಂದರ್ಶನದ ದಿನ ಮಾತ್ರ ತಿನ್ನುವುದು ಹಲವರಿಗೆ ಸಾಕಾಗುತ್ತದೆ. ಅದೂ ವೈದ್ಯರು ಬರೆದುಕೊಟ್ಟರೆ.

ಇಷ್ಟೆಲ್ಲ ಆದ ಮೇಲೂ ಕೈ ಒಣಗದೆ, ಓದು, ಕಸುಬು, ನೆಮ್ಮದಿ ಕೆಟ್ಟಿದ್ದರೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಮಾಡಿಸಿಕೊಂಡು ಸುಖವಾಗಿರುವವರು ಬಹಳ ಮಂದಿ ಇದ್ದಾರೆ. ಅವರ ಸಂತೋಷವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಹೋಗುವ ಮುಂಚೆ ಕೇಳಿ: ಯಾವ ಮಟ್ಟದಲ್ಲಿ ಕಡಿಯುತ್ತೀರಿ? ಎರಡನೆಯ ಗಂಟನ್ನು ಬಿಡುತ್ತೀರಾ? ನನ್ನ ನಾಡಿ ಎಷ್ಟಿದೆ, ಇಸಿಜಿ ಹೇಗಿದೆ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಸತ್ತಿದ್ದರೆ ಹೇಳಿ. ನಾಡಿಯನ್ನು ನೀವೇ ನೋಡಿಕೊಳ್ಳಬಹುದು: ಬೆಳಗ್ಗೆ ಎದ್ದ ಕೂಡಲೇ, ಕಾಫಿ ಕುಡಿಯುವ ಮುಂಚೆ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಕೆಲವು ದಿನ ಬರೆದಿಡಿ.

ಒಂದು ಪ್ರಶ್ನೆ ಬರುತ್ತದೆಂದು ಗೊತ್ತು, ಮೊದಲೇ ಉತ್ತರಿಸಿಬಿಡುತ್ತೇನೆ. ಈಗಾಗಲೇ ಮಾಡಿಸಿಕೊಂಡವರ ಗತಿಯೇನು? ಗಾಬರಿ ಬೇಡ. ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಕಾಗದವನ್ನು ಎಸೆಯಬೇಡಿ. ಮುಂದೆ ಅಪೆಂಡಿಕ್ಸಿಗೋ ಹೆರಿಗೆಗೋ ಅರಿವಳಿಕೆ ಕೊಡುವವರಿಗೆ ಅದನ್ನು ತೋರಿಸಿ. ನಿಮ್ಮ ಹೃದಯ ಎಲ್ಲರ ಹೃದಯದಂತೆ ಬೇಗ ಏರಿ ಸ್ಪಂದಿಸದಿರಬಹುದು ಎಂಬುದು ಅವರಿಗೆ ಗೊತ್ತಿರಬೇಕು. ಗಲ್ಫಿಗೋ ಹಡಗಿಗೋ ಹೊರಟು ಮೆಡಿಕಲ್ ಮಾಡಿಸುವಾಗ ನಾಡಿ ನಿಧಾನ ಎಂದು ವೈದ್ಯರು ಹುಬ್ಬೇರಿಸಿದರೆ ಅದೇ ಕಾಗದ ಉತ್ತರ ಕೊಡುತ್ತದೆ. ನಲವತ್ತು ದಾಟಿದ ಮೇಲೆ ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಬರೆಯುವ ವೈದ್ಯರಿಗೂ ಹೇಳಿ, ಅವರು ಅಳತೆ ಕಡಿಮೆ ಮಾಡಬಹುದು ಅಥವಾ ಬೇರೆ ಮಾತ್ರೆ ಕೊಡಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಸುಸ್ತು ಕಂಡರೆ, ಒಮ್ಮೆಯಾದರೂ ಬವಳಿ ಬಿದ್ದರೆ, ಇಸಿಜಿ ಮಾಡಿಸಿ. ಅದು ಸರಿಯಿದ್ದೂ ತೊಂದರೆ ಉಳಿದರೆ ಇಪ್ಪತ್ತನಾಲ್ಕು ಗಂಟೆಯ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಿ.

ಇನ್ನು ನಿಮ್ಮ ಪ್ರಶ್ನೆಗಳು.